ಕೆಟ್ಟರೆ ರಿಪೇರಿ ಮಾಡುವವರು ಯಾರು?

2025ರ ಅಕ್ಟೋಬರ್‌ನಲ್ಲಿ ಪ್ರೈಮಾ ಎಂಬ ಕಣ್ಣಿನ ಚಿಪ್‌ನ ಸುದ್ದಿ ಹೊರಬಿದ್ದಾಗ, ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಅದು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಣ್ಣ ಹಚ್ಚಿಕೊಂಡು ಬಂತು. ಒಬ್ಬರು ಕುರುಡುತನಕ್ಕೆ ಮದ್ದು ಸಿಕ್ಕಿತು ಅಂದರು. ಇನ್ನೊಬ್ಬರು ಇನ್ನು ಮೇಲೆ ನೇತ್ರದಾನವೇ ಬೇಕಿಲ್ಲ ಅಂದರು. ಎರಡೂ ಸುಳ್ಳು. ನೇತ್ರದಾನದಲ್ಲಿ ಕಸಿಯಾಗುವುದು ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾ. ಈ ಚಿಪ್ ಹೋಗಿ ಕೂರುವುದು ಕಣ್ಣಿನ ಹಿಂಗೋಡೆಯಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ಅಡಿಯಲ್ಲಿ. ಒಂದರ ಕೆಲಸ ಇನ್ನೊಂದರಿಂದ ಆಗುವಂಥದ್ದಲ್ಲ.

ಆದದ್ದು ಇಷ್ಟು. ಯುರೋಪಿನ ಐದು ದೇಶಗಳ 17 ಕಡೆ 38 ಜನರಿಗೆ ಈ ಚಿಪ್ ಕೂರಿಸಿದ್ದರು. ಎಲ್ಲರೂ ಅರವತ್ತು ದಾಟಿದವರು, ವಯಸ್ಸಿನ ಜೊತೆ ಬರುವ ಮ್ಯಾಕುಲಾ (ರೆಟಿನಾದ ನಡುಭಾಗ) ಸವೆತದಿಂದ ನಟ್ಟನಡುವಿನ ನೋಟ ಕಳೆದುಕೊಂಡವರು. ಅಂಥವರಿಗೆ ಬಾಗಿಲು, ಗೋಡೆ, ಓಡಾಡುವವರು ಕಣ್ಣಂಚಿನಲ್ಲಿ ಕಾಣುತ್ತಾರೆ, ಎದುರು ಕೂತವರ ಮುಖ ಮಾತ್ರ ಕಾಣುವುದಿಲ್ಲ. ಒಂದು ವರ್ಷದ ನಂತರ ಪರೀಕ್ಷೆಗೆ ಬಂದ 32 ಜನರಲ್ಲಿ 26 ಮಂದಿ ಕಣ್ಣಿನ ಡಾಕ್ಟರ ಅಕ್ಷರಪಟ್ಟಿಯಲ್ಲಿ ಗಮನಾರ್ಹವಾಗಿ ಕೆಳಗಿನ ಸಾಲುಗಳಿಗೆ ಇಳಿದಿದ್ದರು. ಸರಾಸರಿ ಹಿಡಿದರೆ 25 ಅಕ್ಷರ, ಅಂದರೆ ಐದು ಸಾಲು. ಜೊತೆಗೆ 19 ಜನರಿಗೆ ಗಂಭೀರವಾದ ತೊಂದರೆಗಳೂ ಆದವು. ಹೆಚ್ಚಿನವು ಆಪರೇಷನ್ ಆದ ಎರಡು ತಿಂಗಳೊಳಗೆ ಬಂದು, ಹೆಚ್ಚು ದಿನ ಕಾಡದೆ ವಾಸಿಯಾದವು. ಈ ಕೊನೆಯ ಸಂಗತಿ ನಮ್ಮ ಗುಂಪಿಗೆ ಬಂದ ಯಾವ ಫಾರ್ವರ್ಡಿನಲ್ಲೂ ಇರಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಕಾರ್ಖಾನೆಯ ಯಂತ್ರಗಳಿಗೆ ಕಂಟ್ರೋಲ್ ಬೋರ್ಡು ವಿನ್ಯಾಸ ಮಾಡುವುದು ಹೊಟ್ಟೆಪಾಡು. ಹಾಗಾಗಿ ಪ್ರೈಮಾದ ಒಳಗಿನ ಜಾಣತನ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಎರಡು ಮಿಲಿಮೀಟರ್ ಉದ್ದ, ಎರಡು ಮಿಲಿಮೀಟರ್ ಅಗಲ, ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಅಷ್ಟರೊಳಗೆ 378 ಚುಕ್ಕೆಗಳು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದೊಂದು ಚುಕ್ಕೆಯೂ ಒಂದು ಪುಟಾಣಿ ಸೋಲಾರ್ ಪ್ಯಾನೆಲ್. ಕನ್ನಡಕದ ಮೇಲಿನ ಕ್ಯಾಮೆರಾ ಎದುರಿನ ದೃಶ್ಯ ಹಿಡಿಯುತ್ತದೆ, ಜೇಬಿನಲ್ಲಿರುವ ಪುಟ್ಟ ಕಂಪ್ಯೂಟರು ಅದನ್ನು ಸಂಸ್ಕರಿಸುತ್ತದೆ, ಕನ್ನಡಕ ಅದೇ ಚಿತ್ರವನ್ನು ಅವಕೆಂಪು ಬೆಳಕಾಗಿ ಚಿಪ್‌ನ ಮೇಲೆ ಚೆಲ್ಲುತ್ತದೆ. ಆ ಬೆಳಕೇ ಚಿತ್ರ, ಆ ಬೆಳಕೇ ಕರೆಂಟು. ಅವಕೆಂಪು ನಮ್ಮ ಕಣ್ಣಿಗೆ ಕಾಣದ ಬೆಳಕಾದ್ದರಿಂದ ಅಂಚಿನಲ್ಲಿ ಉಳಿದಿರುವ ಸಹಜ ನೋಟಕ್ಕೆ ಅದು ಅಡ್ಡಿ ಮಾಡುವುದಿಲ್ಲ. ನಡುವೆ ಯಂತ್ರದ ನೋಟ, ಸುತ್ತ ಸ್ವಂತ ನೋಟ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ಇಪ್ಪತ್ತು ವರ್ಷದ ಆಚೀಚೆ ಇದರ ಬೆನ್ನು ಹತ್ತಿದ್ದವರು. ಇಂಥದ್ದನ್ನು ಕಂಡಾಗ ನನ್ನ ಕಸುಬಿನವರಿಗೆ ಹೊಟ್ಟೆಕಿಚ್ಚು ಆಗದಿದ್ದರೆ ಏನೋ ಕೊರತೆ ಇದೆ ಎಂದೇ ಅರ್ಥ.

ಇದನ್ನೆಲ್ಲ ಉತ್ಸಾಹದಿಂದ ಫೋನಿನಲ್ಲಿ ನಮ್ಮ ಸೋದರಮಾವನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ ಕಣೋ, ಅದು ಕೆಟ್ರೆ ರಿಪೇರಿ ಮಾಡೋರು ಯಾರು?"

ಮಾವ ತಿಪಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಪಂಪ್‌ಸೆಟ್ಟುಗಳ ಹಳೇ ತಾಮ್ರ ಕಿತ್ತು ಹೊಸ ಕಾಯಿಲ್ ಸುತ್ತಿ, ವಾರ್ನಿಶ್ ಹಾಕಿ ಕೊಡುವ ಕೆಲಸ. ಅವರಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ. ಹುಡುಗನಾಗಿದ್ದಾಗ ಇರುಳುಗುರುಡು ಅಂತ ಶುರುವಾದದ್ದು ಅಂಚಿನಿಂದ ಒಳಕ್ಕೆ ಸವೆಯುತ್ತಾ ಬಂತು. ಮೊದಲು ಪಕ್ಕದಲ್ಲಿ ನಿಂತವರು ಮಾಯವಾದರು, ಆಮೇಲೆ ಕೊಳವೆಯೊಳಗಿಂದ ನೋಡಿದಷ್ಟೇ ಉಳಿಯಿತು, ಈಗ ಅದೂ ಇಲ್ಲ. ಹಗಲು-ರಾತ್ರಿ ಮಾತ್ರ ತಿಳಿಯುತ್ತದೆ. ಈಗಲೂ ಅವರು ಬೆರಳಿನಿಂದ ಸ್ಲಾಟ್ ಎಣಿಸುತ್ತಾರೆ, ಸದ್ದು ಕೇಳಿ ಬೇರಿಂಗ್ ಹೋಗಿದೆ ಅನ್ನುತ್ತಾರೆ. ಕನೆಕ್ಷನ್ ಕೊಡುವುದು, ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ನೋಡುವುದು ಮಗನ ಪಾಲಿಗೆ.

ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 4,000 ಜನರಿಗೆ ಒಬ್ಬರಲ್ಲಿ ಕಾಣುತ್ತದೆ ಎಂಬುದು ವಾಡಿಕೆಯ ಲೆಕ್ಕ. ದಕ್ಷಿಣ ಭಾರತದ ಅಧ್ಯಯನಗಳಲ್ಲಿ ಅದು ಸಾವಿರಕ್ಕೆ ಒಬ್ಬರ ಆಸುಪಾಸಿಗೆ ಬಂದಿದೆ. ಒಂದು ಕಾರಣ ನಮ್ಮ ಕಡೆಯ ಒಳಸಂಬಂಧದ ಮದುವೆಗಳು. ಇದು ಅನೇಕ ಸಲ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ತಲೆ ಎತ್ತುವ ಕಾಯಿಲೆ, ಅದೂ ನಾಲ್ವರಲ್ಲಿ ಒಬ್ಬರಿಗೆ ಎಂಬ ಲೆಕ್ಕದಲ್ಲಿ. ನಮ್ಮ ಅಜ್ಜ ಸ್ವಂತ ಅಕ್ಕನ ಮಗಳನ್ನೇ ಮದುವೆಯಾದವರು. ಮಕ್ಕಳಲ್ಲಿ ಮಾವ ಒಬ್ಬರಿಗೇ ಬಂತು. ಆಸ್ತಿ ಹೊರಗೆ ಹೋಗಬಾರದು ಅಂತ ಮಾಡಿದ ಮದುವೆ ಅದು. ಆ ಆಸ್ತಿ ಎರಡೆಕರೆ ತೆಂಗಿನ ತೋಟ.

ಮಾವನ ಪ್ರಶ್ನೆ ಗೊಣಗಾಟವಲ್ಲ. ಕೃತಕ ದೃಷ್ಟಿಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೂ ಸಾಕು, ಎಲ್ಲ ಕಡೆ ಇದೇ ಪ್ರಶ್ನೆ ಎದುರಾಗುತ್ತದೆ.

1968ರಲ್ಲಿ ಇಂಗ್ಲೆಂಡಿನ ಜೈಲ್ಸ್ ಬ್ರಿಂಡ್ಲೆ ಮತ್ತು ವಾಲ್ಪೋಲ್ ಲೆವಿನ್ 52 ವರ್ಷದ ದೃಷ್ಟಿಹೀನ ಮಹಿಳೆಯೊಬ್ಬರ ಮೆದುಳಿನ ಹಿಂಭಾಗದ ಮೇಲೆ 80 ಎಲೆಕ್ಟ್ರೋಡುಗಳನ್ನು, ಅಂದರೆ ಕರೆಂಟು ಮುಟ್ಟಿಸುವ ಲೋಹದ ತುದಿಗಳನ್ನು ಇಟ್ಟು ರೇಡಿಯೊ ಮೂಲಕ ಕರೆಂಟು ಹರಿಸಿದರು. ಆಕೆಗೆ ಬೆಳಕಿನ ಚುಕ್ಕೆಗಳು ಕಂಡವು. ಯಾವ ಎಲೆಕ್ಟ್ರೋಡಿಗೆ ಚುಕ್ಕೆ ಎಲ್ಲಿ ಮೂಡುತ್ತದೆ ಎಂಬುದಕ್ಕೆ ಒಂದು ಕ್ರಮವೂ ಇತ್ತು. ಆದರೆ ಆಕೆ ಕಣ್ಣು ಹೊರಳಿಸಿದರೆ ಚುಕ್ಕೆಗಳೂ ಜೊತೆಗೆ ಹೊರಳುತ್ತಿದ್ದವು. ಕಣ್ಣು ಕಾಣದಿದ್ದರೂ ಕಣ್ಣು ಎತ್ತ ತಿರುಗಿದೆ ಎಂಬ ಲೆಕ್ಕವನ್ನು ಮೆದುಳು ಬಿಟ್ಟಿರುವುದಿಲ್ಲ. ಮುಂದೆ ಬಂದ ಯಂತ್ರಗಳಿಗೂ ಇದು ಕಾಟ ಕೊಟ್ಟಿತು. ಕ್ಯಾಮೆರಾ ಇರುವುದು ಕನ್ನಡಕದ ಮೇಲೆ, ಕಣ್ಣಿನ ಮೇಲಲ್ಲ. ತಲೆ ನೇರ ಇಟ್ಟುಕೊಂಡು ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿಸಿದರೆ, ಎದುರಿಗಿರುವ ಲೋಟ ಪಕ್ಕದಲ್ಲಿದೆ ಎನಿಸಿ ಕೈ ಅತ್ತ ಹೋಗುತ್ತದೆ. ಕಣ್ಣು ಅಲುಗಿಸದೆ ತಲೆ ಮಾತ್ರ ತಿರುಗಿಸುವುದನ್ನು ಜನ ಹೊಸದಾಗಿ ರೂಢಿ ಮಾಡಿಕೊಳ್ಳಬೇಕಾಯಿತು.

ಮಾವನ ಕಾಯಿಲೆಗೆ ಬಂದ ಯಂತ್ರದ ಹೆಸರು ಆರ್ಗಸ್. ಲಾಸ್ ಏಂಜಲೀಸ್‌ನಲ್ಲಿ ಮಾರ್ಕ್ ಹುಮಾಯೂನ್ ಮತ್ತು ಸಂಗಡಿಗರು 2002ರಲ್ಲಿ 16 ಎಲೆಕ್ಟ್ರೋಡಿನ ಮೊದಲ ಮಾದರಿ ಇಟ್ಟರು. ಎರಡನೆಯ ಮಾದರಿಗೆ 60. ಸೆಕೆಂಡ್ ಸೈಟ್ ಎಂಬ ಕಂಪನಿ ಅದನ್ನು ತಯಾರಿಸಿತು, ಅಮೆರಿಕ ಸರ್ಕಾರದ ಸಂಶೋಧನಾ ಹಣವೂ ಅದರಲ್ಲಿ ಸೇರಿತ್ತು. 2011ರಲ್ಲಿ ಯುರೋಪಿನ, 2013ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್, ಆಪರೇಷನ್ ಖರ್ಚು ಬೇರೆ. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು.

ಅವರಿಗೆ ಕಂಡದ್ದೇನು ಎಂಬುದನ್ನು ಸರಿಯಾಗಿ ತಿಳಿಯಬೇಕು. ನಮ್ಮ ಒಂದೊಂದು ಕಣ್ಣಿನಲ್ಲೂ ಬೆಳಕು ಹಿಡಿಯುವ ಕೋಶಗಳು ಹನ್ನೆರಡು ಕೋಟಿಗೂ ಮಿಕ್ಕಿ ಇವೆ. ಅವು ಕೊಟ್ಟ ಸುದ್ದಿಯನ್ನು ರೆಟಿನಾ ತನ್ನಲ್ಲೇ ಪದರ ಪದರವಾಗಿ ಸೋಸಿ, ಸುಮಾರು ಹತ್ತು ಲಕ್ಷ ನರದೆಳೆಗಳ ಮೂಲಕ ಮೆದುಳಿಗೆ ಕಳಿಸುತ್ತದೆ. ಮಾವನ ಕಾಯಿಲೆಯಲ್ಲಿ ಸಾಯುವುದು ಮುಖ್ಯವಾಗಿ ಮೊದಲ ಪದರ. ಒಳಗಿನ ಪದರಗಳು ಒಂದಿಷ್ಟು ಉಳಿದಿರುತ್ತವೆ. ಉಳಿದದ್ದನ್ನು ಕರೆಂಟಿನಿಂದ ಎಬ್ಬಿಸೋಣ ಎಂಬುದೇ ಆಲೋಚನೆ. ಆರ್ಗಸ್ ಕೂರುತ್ತಿದ್ದದ್ದು ರೆಟಿನಾದ ಮೇಲ್ಗಡೆ, ನರದೆಳೆಗಳು ಹಾಸಿಕೊಂಡಿರುವ ಜಾಗದಲ್ಲಿ. ತೊಡಕು ಶುರುವಾಗುವುದೇ ಅಲ್ಲಿ. ಎಲೆಕ್ಟ್ರೋಡಿನ ಕೆಳಗಿರುವ ಕೋಶ ಮಾತ್ರವಲ್ಲ, ಎಲ್ಲೋ ದೂರದ ಕೋಶದಿಂದ ಹೊರಟು ಆ ದಾರಿಯಲ್ಲಿ ಹಾದುಹೋಗುವ ಎಳೆಯೂ ಕರೆಂಟಿಗೆ ಮಿಡಿಯುತ್ತದೆ. ಕರೆಗಂಟೆಯ ವೈರನ್ನು ನಡುದಾರಿಯಲ್ಲಿ ಯಾರಾದರೂ ತಾಗಿಸಿದರೂ ಮನೆಯೊಳಗಿರುವವರು ಬಾಗಿಲಿಗೆ ಯಾರೋ ಬಂದರೆಂದೇ ಏಳುತ್ತಾರಲ್ಲ, ಹಾಗೆ ಮೆದುಳು ಆ ದೂರದ ಜಾಗದಲ್ಲೇ ಬೆಳಕು ಬಿತ್ತೆಂದುಕೊಳ್ಳುತ್ತದೆ. ದುಂಡು ಚುಕ್ಕೆಯ ಬದಲು ಕೆಲವರಿಗೆ ಬಾಲ ಎಳೆದ ಗೆರೆಗಳು ಕಂಡದ್ದು ಇದಕ್ಕೇ. 60 ಎಲೆಕ್ಟ್ರೋಡು ಇದ್ದರೆ 60 ಚುಕ್ಕೆಯ ಚಿತ್ರ ಸಿಗುತ್ತದೆಂಬ ಲೆಕ್ಕ ಕಾಗದದ ಮೇಲಷ್ಟೇ.

ಹಾಗಿದ್ದೂ ಬಾಗಿಲು ಎಲ್ಲಿದೆ, ರಸ್ತೆ ದಾಟುವ ಪಟ್ಟೆ ಎಲ್ಲಿದೆ, ಎದುರು ಯಾರೋ ನಡೆದುಹೋದರು ಎಂಬುದನ್ನು ಅದರಿಂದ ಕಂಡುಕೊಂಡವರಿದ್ದರು. ಕೆಲವರು ದೊಡ್ಡ ಅಕ್ಷರಗಳನ್ನೂ ಓದಿದರು. ಹತ್ತಾರು ವರ್ಷ ಕತ್ತಲಲ್ಲಿದ್ದವರಿಗೆ ಅದು ಚಿಕ್ಕದೆಂದು ಹೇಳುವ ಹಕ್ಕು ಕಣ್ಣಿರುವ ನನಗಿಲ್ಲ. ಅದನ್ನು ದೃಷ್ಟಿ ಎಂದು ಕರೆದು ಮಾರಿದ ಜಾಹೀರಾತಿನ ಭಾಷೆಯ ಮೇಲೆ ಮಾತ್ರ ನನ್ನ ತಕರಾರು. ಆರ್ಗಸ್ ಹಾಕಿಸಿಕೊಂಡವರಲ್ಲಿ ದಾಖಲಾದ ಅತ್ಯುತ್ತಮ ನೋಟ 20/1260, ಅಂದರೆ ಸಹಜ ಕಣ್ಣಿಗೆ 1260 ಅಡಿಯಿಂದ ಕಾಣುವುದು ಅವರಿಗೆ 20 ಅಡಿಗೆ ಬಂದರಷ್ಟೇ ಕಾಣುತ್ತದೆ. ಅಮೆರಿಕದ ಕಾನೂನು 20/200ಕ್ಕೇ ಒಬ್ಬರನ್ನು ಅಂಧರೆಂದು ಪರಿಗಣಿಸುತ್ತದೆ.

ಕಿವಿ ಕೇಳದವರಿಗೆ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ 22 ಎಲೆಕ್ಟ್ರೋಡಿನಲ್ಲೇ ಮಾತು ಕೇಳಿಸುತ್ತದೆ, ಕಣ್ಣಿಗೇಕೆ 60 ಸಾಲಲಿಲ್ಲ ಎಂದು ಕೇಳುವವರುಂಟು. ಮಾತು ಕಾಲದಲ್ಲಿ ಹರಿಯುವಂಥದ್ದು, ಕೆಲವೇ ಸ್ವರಪಟ್ಟಿಗಳ ಏರಿಳಿತ ಸಿಕ್ಕರೂ ಮೆದುಳು ಪದ ಕಟ್ಟಿಕೊಳ್ಳುತ್ತದೆ. ದೃಶ್ಯ ಹಾಗಲ್ಲ, ಎಲ್ಲವೂ ಒಟ್ಟಿಗೆ ಬಂದು ಎದುರಿಗೆ ಹರಡಿಕೊಳ್ಳುತ್ತದೆ.

ಇನ್ನು ಆರ್ಗಸ್‌ನ ಕೊನೆ. 2019ರಲ್ಲಿ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು. ಮೆದುಳಿಗೆ ನೇರವಾಗಿ ಹಾಕುವ ಒರಾಯನ್ ಎಂಬ ಹೊಸ ಯಂತ್ರದ ಕಡೆ ಗಮನ ಹರಿಸುತ್ತೇವೆ ಅಂದಿತು. 2020ರ ಮಾರ್ಚ್‌ನಲ್ಲಿ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. 2022ರಲ್ಲಿ ಔಷಧ ಇಂಪ್ಲಾಂಟಿನ ಇನ್ನೊಂದು ಕಂಪನಿಯಲ್ಲಿ ವಿಲೀನವಾಗಿ ವಿವಾನಿ ಎಂದಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಬಳಕೆದಾರರನ್ನು ಹುಡುಕಿ ಮಾತನಾಡಿಸಿದಾಗ ಜಗತ್ತಿಗೆ ವಿಷಯ ತಿಳಿಯಿತು. ನ್ಯೂಯಾರ್ಕಿನ ಮಹಿಳೆಯೊಬ್ಬರಿಗೆ ಸುರಂಗ ರೈಲಿನ ನಿಲ್ದಾಣದಲ್ಲಿ ನಡೆಯುತ್ತಿರುವಾಗಲೇ ಯಂತ್ರ ಮೂರು ಸಲ ಬೀಪ್ ಅಂದು ಆರಿಹೋಗಿತ್ತು. ಇನ್ನೊಬ್ಬರಿಗೆ ತಲೆಸುತ್ತು ಬಂದು ಡಾಕ್ಟರು ಎಂಆರ್‌ಐ ಮಾಡಿಸಬೇಕೆಂದಾಗ, ಕಣ್ಣಿನಲ್ಲಿರುವ ಲೋಹಕ್ಕೆ ಏನಾಗುತ್ತದೆ ಎಂದು ಕೇಳಲು ಕಂಪನಿಯ ಕಡೆ ಉತ್ತರಿಸುವವರೇ ಸಿಗಲಿಲ್ಲ. ಕ್ಯಾಮೆರಾದ ಚಿತ್ರ ಸಂಸ್ಕರಿಸುವ, ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆ ಒಡೆದುಹೋದವರು ಬಿಡಿ ಪೆಟ್ಟಿಗೆಗಾಗಿ ಅಲೆದರು.

ಜರ್ಮನಿಯಲ್ಲಿ ಇದೇ ಕಾಯಿಲೆಗೆ 1,500ಕ್ಕೂ ಹೆಚ್ಚು ಚುಕ್ಕೆಗಳ ಚಿಪ್ ಮಾಡಿದ್ದ ರೆಟಿನಾ ಇಂಪ್ಲಾಂಟ್ ಕಂಪನಿಯೂ 2019ರಲ್ಲೇ ಬಾಗಿಲು ಹಾಕಿತ್ತು. ಪ್ರೈಮಾವನ್ನು ಇಷ್ಟು ದೂರ ತಂದ ಫ್ರಾನ್ಸಿನ ಪಿಕ್ಸಿಯಂ ವಿಷನ್ ಕೂಡ ದಿವಾಳಿಯಾಯಿತು. 2024ರಲ್ಲಿ ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಅದನ್ನು ಕೊಂಡದ್ದರಿಂದ ಮಾತ್ರ ನಮ್ಮ ವಾಟ್ಸಾಪಿಗೆ ಆ ಸುದ್ದಿ ಬರುವಂತಾಯಿತು. ಪ್ರಯೋಗಕ್ಕೆ ಕಣ್ಣು ಒಡ್ಡಿದ್ದ 38 ಜನರ ದೃಷ್ಟಿ ನಡುವೆ ಕೆಲವು ಕಾಲ ನ್ಯಾಯಾಲಯದ ಹರಾಜು ಪಟ್ಟಿಯ ಜೊತೆ ತೂಗಾಡುತ್ತಿತ್ತು ಎಂದಾಯಿತು.

ನಾನು ಮಾಡುವ ಬೋರ್ಡು ಹೆಚ್ಚೆಂದರೆ ಬಾಟಲಿಗೆ ಮುಚ್ಚಳ ಹಾಕುವ ಯಂತ್ರವನ್ನು ನಡೆಸೀತು. ಅದನ್ನು ಮಾರಲು ಹೋದರೆ ಖರೀದಿ ವಿಭಾಗದವರು ದರದ ಬೆನ್ನಿಗೇ ಕೇಳುವುದು ಹತ್ತು ವರ್ಷ ಸ್ಪೇರ್ ಕೊಡುತ್ತೀರಾ ಎಂದು. ಕಂಪನಿ ಮುಚ್ಚಿದರೆ ನಕ್ಷೆ, ಸಾಫ್ಟ್‌ವೇರ್ ಎಲ್ಲ ನಮ್ಮ ಕೈಗೆ ಬರಬೇಕೆಂದು ದೊಡ್ಡ ಗಿರಾಕಿಗಳು ಕರಾರಿನಲ್ಲೇ ಬರೆಸುತ್ತಾರೆ. ಮುಚ್ಚಳದ ಯಂತ್ರಕ್ಕಿರುವ ಈ ಭರವಸೆಯನ್ನು ಒಂದೂವರೆ ಲಕ್ಷ ಡಾಲರಿನ ಕಣ್ಣಿಗೆ ಯಾರೂ ಬರೆಸಿರಲಿಲ್ಲ. ಪ್ರಯೋಗ ಮುಗಿದ ಮೇಲೂ ಅದರಲ್ಲಿ ಭಾಗಿಯಾದವರನ್ನು ನಡುನೀರಿನಲ್ಲಿ ಬಿಡಬಾರದೆಂದು, ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೀತಿ ಹಾಕಿಕೊಟ್ಟ ವೈದ್ಯರ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಆದರೆ ಘೋಷಣೆಗೆ ಗೋದಾಮಿಲ್ಲ, ಸ್ಪೇರ್ ಇಡುವವರು ಬೇರೆಯೇ ಬೇಕು. ಇಂಥ ಯಂತ್ರಕ್ಕೆ ಒಪ್ಪಿಗೆ ಕೊಡುವ ಮೊದಲೇ ದುರಸ್ತಿಯ ಖರ್ಚನ್ನು ಬೇರೆ ಖಾತೆಯಲ್ಲಿ ಇಡಿಸಬೇಕು, ವಿನ್ಯಾಸದ ಪೂರ್ತಿ ಕಾಗದಪತ್ರ ಮೂರನೆಯವರ ವಶದಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಹೊಸ ಕಂಪನಿಗಳು ಹೆದರಿ ಓಡುತ್ತವೆ ಎನ್ನುವವರಿದ್ದಾರೆ. ಓಡುವವರು ಆಪರೇಷನ್ನಿಗೆ ಮುಂಚೆಯೇ ಓಡಲಿ.

ಹೊರಗಿನ ಯಂತ್ರಗಳ ಚರಿತ್ರೆಯೂ ಇದಕ್ಕೆ ಹೊರತಲ್ಲ. ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜಾನ್ ಲಿನ್‌ವಿಲ್ ತಮ್ಮ ಅಂಧ ಮಗಳಿಗಾಗಿ ಯೋಚಿಸಿದ ಆಪ್ಟಕಾನ್ 1971ರಲ್ಲಿ ಮಾರುಕಟ್ಟೆಗೆ ಬಂತು. ಪುಟದ ಮೇಲೆ ಸಣ್ಣ ಕ್ಯಾಮೆರಾ ಸರಿಸಿದರೆ ಇನ್ನೊಂದು ಕೈಯ ಬೆರಳ ತುದಿಯಡಿ 144 ಸೂಜಿಗಳು ನಡುಗಿ ಅಕ್ಷರದ ಆಕಾರ ಮೂಡಿಸುತ್ತಿದ್ದವು. ಬ್ರೈಲ್ ಆಗಿರದ ಯಾವುದೇ ಪುಸ್ತಕವನ್ನು, ಯಾರ ಹಂಗೂ ಇಲ್ಲದೆ, ಯಾವ ಲಿಪಿಯಲ್ಲಿದ್ದರೂ ಓದಬಹುದಿತ್ತು. 1996ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ ಅದು ಮೇಜಿನ ಮೇಲಿನ ಯಂತ್ರ, ಕೆಟ್ಟರೆ ಎತ್ತಿಡಬಹುದು. ಕಣ್ಣಿನೊಳಗೆ ಮೊಳೆ ಹೊಡೆದು ಕೂರಿಸಿದ ಆರ್ಗಸ್ ವಿಷಯದಲ್ಲಿ ಹಾಗೆ ಹೇಳಲಾಗುವುದಿಲ್ಲ. ಮೊಳೆ ಎಂದದ್ದು ಮಾತಿಗಲ್ಲ, ಅದನ್ನು ರೆಟಿನಾಕ್ಕೆ ಹಿಡಿದಿಡುತ್ತಿದ್ದದ್ದು ಸಣ್ಣದೊಂದು ಲೋಹದ ಮೊಳೆಯೇ.

ಮಾವನ ಬದುಕನ್ನು ನಿಜವಾಗಿ ಬದಲಿಸಿದ್ದು ಇದಾವುದೂ ಅಲ್ಲ, ಮಾತನಾಡುವ ಫೋನು. ಅಂಗಡಿಯ ಲೆಕ್ಕ, ಯುಪಿಐ ಹಣ ಬಂದದ್ದು, ಪೇಪರಿನ ಸುದ್ದಿ ಎಲ್ಲ ಅದೇ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇದೆ, ಅದನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ಅಂಧರು. ಅದು ಕನ್ನಡವನ್ನೂ ಓದುತ್ತದೆ. ಧ್ವನಿ ಒರಟು, ಆದರೆ ಅಭ್ಯಾಸವಾದವರು ಅದನ್ನು ಎಂಥ ವೇಗಕ್ಕೆ ಏರಿಸಿರುತ್ತಾರೆಂದರೆ ನನಗೆ ಒಂದು ಪದವೂ ಕಿವಿಗೆ ಹತ್ತುವುದಿಲ್ಲ. ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಬರೆದವರು ನಾಳೆ ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು. ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ ಇನ್ನೂ ಸರಳ. ಬಿಳಿ ಕೋಲಿಗೆ ನೆಲದ ಗುಂಡಿ ಸಿಗುತ್ತದೆ, ಲಾರಿಯ ಹಿಂಬದಿಯಿಂದ ಚಾಚಿಕೊಂಡ ಕಬ್ಬಿಣ ಹಣೆಗೆ ತಗಲಿದ ಮೇಲೇ ತಿಳಿಯುವುದು. ಇದು ಶ್ರವಣಾತೀತ ಧ್ವನಿಯಿಂದ ಆ ಎತ್ತರದ ಅಡ್ಡಿಯನ್ನು ಮೊದಲೇ ಗುರುತಿಸಿ ಹಿಡಿಕೆಯಲ್ಲಿ ನಡುಕ ಕೊಡುತ್ತದೆ. ನಮ್ಮ ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್‌ನವರು ಎದುರಿನ ಬರಹ ಓದಿ ಹೇಳುವ, ಮುಖ ಗುರುತಿಸುವ ಕನ್ನಡಕ ತಂದಿದ್ದಾರೆ. ಇವನ್ನೆಲ್ಲ ಕೃತಕ ದೃಷ್ಟಿಯ ಸಾಲಿಗೆ ಸೇರಿಸಲು ವಿಜ್ಞಾನ ಪತ್ರಿಕೆಗಳು ಹಿಂಜರಿಯುತ್ತವೆ, ಇಲ್ಲಿ ಮಿನುಗುವ ಚುಕ್ಕೆಗಳಿಲ್ಲ ನೋಡಿ.

ಹಾಗೆಂದು ಇಂಪ್ಲಾಂಟ್ ಸಂಶೋಧನೆ ದಂಡ ಎನ್ನುವ ಪೈಕಿ ನಾನಲ್ಲ. ಪ್ರೈಮಾದಲ್ಲಿ ಚಿಪ್ ರೆಟಿನಾದ ಅಡಿಯಲ್ಲಿ, ಸತ್ತ ಕೋಶಗಳಿದ್ದ ಜಾಗದಲ್ಲೇ ಕೂರುವುದರಿಂದ ಉಳಿದ ಪದರಗಳ ಸೋಸುವಿಕೆ ಉಪಯೋಗಕ್ಕೆ ಬರುತ್ತದೆ, ಆರ್ಗಸ್‌ನ ಬಾಲದ ಗೆರೆಗಳ ಕಾಟ ಇಲ್ಲ. ಅದು ಆರ್ಗಸ್ ಸೋತದ್ದರಿಂದ ಕಲಿತ ಪಾಠವೂ ಹೌದು. ಸ್ಪೇನಿನ ಎಲ್ಚೆಯಲ್ಲಿ ಎಡ್ವಾರ್ಡೊ ಫರ್ನಾಂಡಿಸ್ ತಂಡ 16 ವರ್ಷದಿಂದ ದೃಷ್ಟಿ ಇಲ್ಲದ ಮಾಜಿ ಶಿಕ್ಷಕಿಯೊಬ್ಬರ ಮೆದುಳಿಗೆ 96 ಸೂಜಿಗಳ ಎಲೆಕ್ಟ್ರೋಡ್ ಹಾಕಿ, ಆಕೆ ಕೆಲವು ಅಕ್ಷರ ಗುರುತಿಸಿದ್ದನ್ನು 2021ರಲ್ಲಿ ಪ್ರಕಟಿಸಿತು. ಆರು ತಿಂಗಳಿಗೆಂದು ಮೊದಲೇ ಹೇಳಿ, ಅವಧಿ ಮುಗಿದ ಮೇಲೆ ತೆಗೆದೂ ಬಿಟ್ಟರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಇಲಾನ್ ಮಸ್ಕ್‌ರ ನ್ಯೂರಾಲಿಂಕ್ ಕಂಪನಿಯ ಬ್ಲೈಂಡ್‌ಸೈಟ್ ಎಂಬ ಮೆದುಳಿನ ಚಿಪ್‌ಗೆ 2024ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಮನ್ನಣೆಯನ್ನು ಮಾತ್ರ ನಮ್ಮ ಚಾನೆಲ್ಲುಗಳು ಒಪ್ಪಿಗೆ ಎಂದೇ ಸಾರಿದವು. ಅದು ಪರಿಶೀಲನೆಯನ್ನು ಚುರುಕುಗೊಳಿಸುವ ಒಂದು ಪಟ್ಟಿ ಅಷ್ಟೇ.

ಹುಟ್ಟಿನಿಂದ ಕಾಣದವರಿಗೂ ಇದರಿಂದ ದೃಷ್ಟಿ ಬರುತ್ತದೆ ಎಂಬ ಮಾತನ್ನು ಇನ್ನೂ ಎಚ್ಚರದಿಂದ ಕೇಳಬೇಕು. ದೆಹಲಿಯಲ್ಲಿ ಪವನ್ ಸಿನ್ಹಾ ನಡೆಸುವ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ, ಹುಟ್ಟಿನಿಂದ ಕಣ್ಣು ಕಾಣದೆ ದೊಡ್ಡವರಾದ ಮೇಲೆ ಆಪರೇಷನ್ ಆದ ಮಕ್ಕಳ ಮುಂದೆ, ಅವರು ಮುಟ್ಟಿ ನೋಡಿದ ವಸ್ತುವನ್ನೇ ಇಟ್ಟರೂ ನೋಟದಿಂದ ಗುರುತು ಹಿಡಿಯಲು ಮೊದಲಿಗೆ ಆಗಲಿಲ್ಲ. ಕೆಲವು ದಿನಗಳಲ್ಲಿ ಕಲಿತರು. ಅವರಿಗೆ ಸಿಕ್ಕಿದ್ದು ಪೂರ್ತಿ ಕಣ್ಣು, 378 ಚುಕ್ಕೆಯಲ್ಲ. ಪ್ರೈಮಾ ಹಾಕಿಸಿಕೊಂಡವರೂ ಅಕ್ಷರ ಜೋಡಿಸಿ ಓದಲು ತಿಂಗಳುಗಟ್ಟಲೆ ತರಬೇತಿ ಪಡೆಯಬೇಕಾಯಿತು. ಹಾಕಿದ ಮೇಲೆ ಜೊತೆಗೆ ಕೂತು ಕಲಿಸುವವರ ಸಂಬಳ ಯಾರ ಬಜೆಟ್ಟಿನಲ್ಲೂ ಮೊದಲಿಗೆ ಬರುವುದಿಲ್ಲ.

ಮಾವನಿಗೆ ಪ್ರೈಮಾ ಆಗುವುದಿಲ್ಲ ಎಂದು ಕೊನೆಗೆ ಹೇಳಬೇಕಾಯಿತು. ಪ್ರಯೋಗ ನಡೆದದ್ದು ಮ್ಯಾಕುಲಾ ಸವೆತಕ್ಕೆ, ಅವರ ಕಾಯಿಲೆಗಲ್ಲ. ಅವರ ಕಾಯಿಲೆಗಿದ್ದ ಯಂತ್ರದ ತಯಾರಿಕೆ ನಿಂತಿದೆ. "ಹೋಗ್ಲಿ ಬಿಡು," ಅಂದರು. ಆಮೇಲೆ, ಗಿರಾಕಿಗಳು ಮೋಟಾರಿನ ಜೊತೆ ಚೀಟಿಯಲ್ಲಿ ಗೀಚಿ ಕೊಡುವ ಕೈಬರಹ ಫೋನಿಗೆ ಓದಲು ಬರುತ್ತಿಲ್ಲ, ಅಚ್ಚಿನ ಕನ್ನಡ ಮಾತ್ರ ಬರುತ್ತದೆ, ಅದಕ್ಕೇನಾದರೂ ಇದೆಯಾ ನೋಡು ಅಂದರು. ಹುಡುಕುತ್ತಿದ್ದೇನೆ. ಸದ್ಯಕ್ಕೆ ಗಿರಾಕಿಗಳಿಗೇ ಹೆಸರು, ಊರು, ಎಷ್ಟು ಎಚ್‌ಪಿ ಎಂದು ವಾಯ್ಸ್ ಮೆಸೇಜ್ ಕಳಿಸಲು ಹೇಳಿದ್ದಾರೆ.